ಇಳಿತದ ಶುಕ್ರವಾರಗಳು

ಆಗಸ್ಟಿನಲ್ಲಿ ಚಿಲೊಯೆ ದ್ವೀಪದ ನಮ್ಮ ಶಾಲೆಗೆ
ಕಚೇರಿಯಿಂದ ಒಂದು ಕಾಗದ ಬಂತು:
ಏಳನೆಯ ತರಗತಿ, ಗಣಿತ,
ಏಳಕ್ಕೆ ಸರಾಸರಿ ನಾಲ್ಕು ಪಾಯಿಂಟ್ ಮೂರು.
ಕಾರಣ ತಿಳಿಸಿ.

ಮರುದಿನ ಹಾಜರಿ ಕರೆಯುವಾಗ
ಈ ಸರಾಸರಿಯ ಹೆಸರನ್ನೂ ಕೂಗೋಣವೆನಿಸಿತು.
ಕೂಗಿದ್ದರೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ.
ಇಪ್ಪತ್ತಾರು ಮಕ್ಕಳಲ್ಲಿ ಒಬ್ಬರಿಗೂ
ನಾಲ್ಕು ಪಾಯಿಂಟ್ ಮೂರು ಬಂದಿರಲಿಲ್ಲ.

ಮೊದಲು ಕಂಬಗಳನ್ನು ಬರೆದೆ, ಅವರು ಕೇಳಿದ್ದು ಅದನ್ನೇ.
ಎತ್ತರದ್ದಕ್ಕೆ ಹಸಿರು, ಗಿಡ್ಡದ್ದಕ್ಕೆ ಕೆಂಪು.
ಕಂಬ ನೋಡಿದವರಿಗೆ ಹೊಳೆಯುವುದು ಒಂದೇ ಪ್ರಶ್ನೆ:
ದಡ್ಡರು ಯಾರು?
ಆ ಪ್ರಶ್ನೆಗೆ ಉತ್ತರ ಎಂದೂ ತಡವಾಗಿ ಬಂದದ್ದಿಲ್ಲ.

ಅಳಿಸಿದೆ.
ಕಂಬಗಳನ್ನು ಒಡೆದು ಪುಡಿಪುಡಿ ಚುಕ್ಕಿ ಮಾಡಿದೆ,
ಒಂದು ಮಗು, ಒಂದು ಶುಕ್ರವಾರದ ಪರೀಕ್ಷೆ, ಒಂದು ಚುಕ್ಕಿ.
ಸಾಸಿವೆ ಡಬ್ಬಿ ಕೈಜಾರಿದಂತಿತ್ತು ಹಾಳೆ.
ನಡುವೆ ಗೆರೆ ಎಳೆದಾಗ
ಒಂದು ವಾರ ಬಿಟ್ಟು ಒಂದು ವಾರ
ಗೆರೆ ತಗ್ಗಿಗೆ ಇಳಿದು, ಏದುಸಿರು ಬಿಟ್ಟು ಮತ್ತೆ ಹತ್ತುತ್ತಿತ್ತು.

ಮಳೆಯ ದಿನಗಳನ್ನು ಹೊಂದಿಸಿ ನೋಡಿದೆ.
ದೋಣಿ ತಡವಾದ ದಿನಗಳನ್ನು.
ಸುಳ್ಳು ಹೇಳಬಾರದು,
ನನ್ನ ತಲೆನೋವಿನ ದಿನಗಳನ್ನೂ.
ಯಾವುದೂ ಕೂಡಲಿಲ್ಲ.

ಅಡುಗೆಮನೆಯ ಒಲೆ ಪಕ್ಕ ಹಾಳೆ ಹರವಿ ಕೂತಿದ್ದೆ.
ದೋಮಿತಿಲಾ ಆಲೂಗಡ್ಡೆ ಸುಲಿಯುತ್ತ ಇಣುಕಿ
'ಕಡಲ ಪಟ್ಟಿಯನ್ನು ನೀನ್ಯಾಕೆ ಬರೆಯುತ್ತಿ,
ಗೋಡೆಯ ಮೇಲೆ ಇದೆಯಲ್ಲ' ಅಂದಳು.

ಮೊಳೆಯಿಂದ ಪಟ್ಟಿ ಕಿತ್ತು
ಎರಡೂ ಹಾಳೆ ಒಂದರ ಮೇಲೊಂದಿಟ್ಟು
ಕಿಟಕಿಯ ಬೆಳಕಿಗೆ ಒತ್ತಿ ಹಿಡಿದೆ.
ಅಮಾವಾಸ್ಯೆ, ಹುಣ್ಣಿಮೆ.
ನೀರು ದೂರ ದೂರ ಸರಿದು ಮರಳು ಬಯಲಾಗುವ ದಿನ
ಮರುವಾಯಿ ಹೆಕ್ಕಲು, ಕಡಲಪಾಚಿ ಎಳೆಯಲು
ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಕೆಸರಿಗೆ ಇಳಿಯುತ್ತಾರೆ.
ಮರುದಿನ ಬೆರಳು ಮರಗಟ್ಟಿದ ಮಕ್ಕಳಿಗೆ
ನಾನು ಭಿನ್ನರಾಶಿ ಕೊಡುತ್ತಿದ್ದೆ.

ಪರೀಕ್ಷೆಗಳನ್ನು ಅರ್ಧಚಂದ್ರನ ವಾರಕ್ಕೆ ಸರಿಸಿದೆ.
ಗೆರೆ ಎದ್ದು ಕೂತಿತು.
ಬೋಧನೆಯ ಗುಣಮಟ್ಟ ಸುಧಾರಿಸಿದೆ ಎಂದು
ಕಚೇರಿಯಿಂದ ಪ್ರಶಸ್ತಿಪತ್ರ ಬಂತು, ಚಿನ್ನದ ಅಂಚಿನದು.
ಚಂದ್ರನ ವಿಳಾಸ ಗೊತ್ತಿಲ್ಲದೆ ನಾನೇ ಇಟ್ಟುಕೊಂಡೆ.

ಆದರೆ ಒಂದು ಚುಕ್ಕಿ ಬಿದ್ದಿತ್ತು.
ಎಲ್ಲರೂ ಮೇಲೇರುವ ಕಡೆ ಒಂದು ಕೆಳಗೆ,
ಆರರಿಂದ ಮೂರಕ್ಕೆ.
ಎಲಿಯೆಸೆರ್ ನಾವೆಲ್ಕಿನ್.

ಹಳೆಯ ಹಾಳೆ ತೆಗೆದು ನೋಡಿದರೆ ಅಲ್ಲೂ ಅವನು ಒಬ್ಬಂಟಿ:
ತರಗತಿ ಮುಳುಗಿದ ಶುಕ್ರವಾರಗಳಲ್ಲಿ ಮೇಲೆ ತೇಲುತ್ತಿದ್ದವನು.
ನನ್ನ ಸರಾಸರಿ ಅವನನ್ನು ನುಂಗಿ ನೀರು ಕುಡಿದಿತ್ತು.

ಕೇಳಿದೆ. ಬಹಳ ಹೊತ್ತು ಬೂಟಿನ ದಾರ ನೋಡಿ ಹೇಳಿದ:
'ಇಳಿತದ ದಿನ ಎಲ್ಲರೂ ದಂಡೆಗೆ ಹೋಗ್ತಾರೆ.
ತಂಗಿ ಕೂಸು, ಅವಳನ್ನು ನೋಡಿಕೊಳ್ಳೋಕೆ ನಾನು.
ಅವಳು ಮಲಗ್ತಾಳೆ.
ರೇಡಿಯೋ ಇರಲ್ಲ, ಅಣ್ಣಂದಿರು ಇರಲ್ಲ.
ಮೇಜು ನನ್ನದು.'

ಇಪ್ಪತ್ತೈದು ಮಕ್ಕಳಿಗೆ ನಾನು ಕೊಟ್ಟ ದಿನ
ಒಬ್ಬನ ಮೇಜಿನಿಂದ ಕದ್ದದ್ದು.

ಈಗ ಪರೀಕ್ಷೆಯ ಹಿಂದಿನ ಸಂಜೆ
ತರಗತಿಗೆ ಬೀಗ ಹಾಕದೆ ಒಲೆಗೆ ಎರಡು ಕೊರಡು ಇಟ್ಟು ಬರುತ್ತೇನೆ.
ಮೂರು ವಾರ ಬಂದ.
ಅವನು ಹೋದಮೇಲೆ ಬೆಂಚು ಬೆಚ್ಚಗಿರುತ್ತಿತ್ತು.
ನಿನ್ನೆ ಬರಲಿಲ್ಲ, ಇಂದು ಪರೀಕ್ಷೆಗೂ ಇಲ್ಲ.

ಹಾಳೆಯಲ್ಲಿ ಅವನ ಜಾಗಕ್ಕೆ ಬಂದು
ಪೆನ್ಸಿಲ್ ನಿಂತಿದೆ.
ಕಚೇರಿಯ ನಿಯಮ, ಬಾರದವರಿಗೆ ಒಂದು ಅಂಕ.
ಬರೆಯಲಾರೆ.
ಇರುಳು ಗಾಳಿ ಜೋರಿತ್ತು.
ದೋಣಿ ಇನ್ನೂ ಆಚೆ ದಡದಲ್ಲೇ ಇರಬಹುದು.